ರಿವರ್ಸ್ ಕ್ಯಾಮೆರಾದ ಮುಂದೆ ಹನ್ನೊಂದು ವಾಕ್ಯ

ಬಸ್ ಡಿಪೋದ ಗೇರ್ ಮೇಸ್ತ್ರಿ ಭಾಷಣಕಾರನಾದದ್ದು ತಲೆ ಎತ್ತಿ ನೋಡಿದ ತಪ್ಪಿಗೆ.

ಡಿಪೋ ನೋಡಲು ದೊಡ್ಡ ಸಾಹೇಬರು ಬರುತ್ತಾರೆಂದೂ, ಕೆಲಸಗಾರರ ಪರವಾಗಿ ಒಬ್ಬರು ಅವರ ಮುಂದೆ ಐದು ನಿಮಿಷ ಮಾತಾಡಬಹುದೆಂದೂ ಸುತ್ತೋಲೆ ಬಂದಿತ್ತು. ಐದೇ ನಿಮಿಷ. ಹತ್ತು ವರ್ಷದ ಗೋಳನ್ನು ಐದು ನಿಮಿಷದ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ಕೈಗೆ ಕೊಡಬೇಕು. ಅದೂ ಸಾಹೇಬರ ಚಹಾ ಆರುವುದರೊಳಗೆ. ವರ್ಕ್‌ಶಾಪಿನ ನಲವತ್ತು ಜನ ಊಟದ ಹೊತ್ತಿನಲ್ಲಿ ಸೇರಿದರು. ಏನು ಕೇಳಬೇಕು ಎನ್ನುವುದರಲ್ಲಿ ತಕರಾರಿರಲಿಲ್ಲ. ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡಿಗೆ ಕಿಟಕಿ ಇಲ್ಲ, ಒಳಗಿನ ಗಾಳಿಯನ್ನು ಹೊರಗೆಳೆಯುವ ಫ್ಯಾನೂ ಇಲ್ಲ. ಫ್ಯಾನು ಬೇಕು. ಆದರೆ ಯಾರು ಕೇಳಬೇಕು ಎಂದಾಗ ಮೂವತ್ತೊಂಬತ್ತು ತಲೆಗಳು ಒಟ್ಟಿಗೆ ನೆಲ ನೋಡಿದವು. ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ ಬಂದಾಗ ಇಲಿಗಳಿಗೆಲ್ಲ ನೆಲದ ಮೇಲೆ ಏನೋ ಕಾಣಿಸುತ್ತದೆ. ಸರಿಯಾಗಿ ಆ ಹೊತ್ತಿಗೆ ತಗಡಿನ ಮಾಡಿನಿಂದ ಒಂದು ಹನಿ ಮೇಸ್ತ್ರಿಯ ಬೋಳುತಲೆಯ ಮೇಲೆ ಬಿತ್ತು. ಎಲ್ಲಿಂದ ಬಿತ್ತೆಂದು ಅವನು ಮೇಲೆ ನೋಡಿದ.

“ಮೇಸ್ತ್ರಿ ಒಪ್ಪಿದ್ರು!” ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು.

“ಏ, ನಾನು ಮಾಡು ಸೋರ್ತಿದೆ ಅಂತ—”

“ಅದನ್ನೂ ಸೇರಿಸ್ಕೊಳ್ಳಿ ಮೇಸ್ತ್ರಿ!”

ಗೇರ್‌ಬಾಕ್ಸಿನ ಜೊತೆ ಮೇಸ್ತ್ರಿ ಗಂಟೆಗಟ್ಟಲೆ ಮಾತಾಡಬಲ್ಲ. “ಯಾಕೆ ಮುನಿಸ್ಕೊಂಡಿದೀಯ, ಬಾ, ಇಲ್ಲಿ ಕೂತ್ಕೋ” ಎನ್ನುತ್ತಲೇ ಎಂಥ ಹಟಮಾರಿ ಹಲ್ಲನ್ನೂ ಸರಿಯಾಗಿ ಕೂರಿಸುತ್ತಾನೆ. ಆದರೆ ಇಸ್ತ್ರಿ ಮಾಡಿದ ಅಂಗಿ ಹಾಕಿದ ಮನುಷ್ಯ ಎದುರು ಬಂದರೆ ಸಾಕು, ನಾಲಿಗೆ ನ್ಯೂಟ್ರಲ್ಲಿಗೆ ಬಿದ್ದುಬಿಡುತ್ತದೆ. ಎಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ಹೊರಡುವುದಿಲ್ಲ. ಹಾಗಿದ್ದೂ ಅವನು ಆಗಲ್ಲ ಎನ್ನಲಿಲ್ಲ. ಕಾರಣ, ಆ ಶೆಡ್ಡಿನಲ್ಲಿ ಬಣ್ಣ ಹೊಡೆಯುವವನು ಅವನ ಸ್ವಂತ ತಮ್ಮ. ತಂದೆ ಹೋದ ಮೇಲೆ ಅಣ್ಣನೇ ಸಾಕಿದ ತಮ್ಮ. ಯಾರ್ಯಾರ ಕೈಯೋ ಕಾಲೋ ಹಿಡಿದು ಆ ಕೆಲಸಕ್ಕೆ ಅವನನ್ನು ಸೇರಿಸಿದವನೂ ಅಣ್ಣನೇ. ನಾಲ್ಕು ವರ್ಷದಿಂದ ತಮ್ಮ ಕೆಮ್ಮುತ್ತಿದ್ದ. ಡಾಕ್ಟರು ಮೂರು ಬಣ್ಣದ ಮಾತ್ರೆ ಕೊಟ್ಟು, “ಗಾಳಿ ಚೆನ್ನಾಗಿರೋ ಕಡೆ ಕೆಲಸ ಮಾಡಿ” ಎಂದಿದ್ದರು. ಗಾಳಿಗೆ ಮಾತ್ರ ಚೀಟಿ ಬರೆದುಕೊಟ್ಟಿರಲಿಲ್ಲ.

ಮೇಸ್ತ್ರಿ ಒಂದು ಹಾಳೆಯಲ್ಲಿ ಹನ್ನೊಂದು ವಾಕ್ಯ ಬರೆದ. ಸಂಜೆ ಗೋಡೆಗೆ ಬೆನ್ನು ಕೊಟ್ಟು ನಿಂತು ಓದಿದ. ಹೆಂಡತಿ ಕಾಳು ಆರಿಸುತ್ತ ಕೇಳಿ, “ಚೆನ್ನಾಗಿದೆ” ಎಂದಳು.

“ಏನು ಚೆನ್ನಾಗಿದೆ?”

“ಏನೋ ಓದಿದ್ರಲ್ಲ, ಅದು.”

ಮಗಳು ಮುಂದೆ ಬಂದಳು. ಅವಳಿಗೆ ಇಂಥ ವಿಷಯದಲ್ಲಿ ಜ್ಞಾನ ಹೆಚ್ಚು. “ಅಪ್ಪಾ, ದೊಡ್ಡ ದೊಡ್ಡವರೆಲ್ಲ ತಾವು ಮಾತಾಡೋದನ್ನ ವಿಡಿಯೋ ತೆಗೆಸಿ, ನೋಡಿ ನೋಡಿ ತಿದ್ದಿಕೊಳ್ತಾರೆ. ನಾನು ತೆಗೀತೀನಿ, ನೀನು ಹೇಳು” ಎಂದು ತನ್ನ ಮೊಬೈಲು ಹಿಡಿದಳು. ಮೇಸ್ತ್ರಿಯದು ಗುಂಡಿ ಒತ್ತುವ ಹಳೆಯ ಮೊಬೈಲು. ಅದರಲ್ಲಿ ಕಾಣುವುದು ಟೈಮು ಒಂದೇ, ಅದೂ ತಪ್ಪು. ಅವನು ಮಗಳ ಮುಂದೆ ಕೈಕಟ್ಟಿ, ಅಳುಮುಖ ಮಾಡಿಕೊಂಡು ನಿಂತು, ತುಟಿಯಾಚೆ ಕೇಳಿಸದ ದನಿಯಲ್ಲಿ ಹನ್ನೊಂದು ವಾಕ್ಯವನ್ನೂ ಒಪ್ಪಿಸಿದ. ಮಗಳು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಕ್ಕೆ ಚಿತ್ರದಲ್ಲಿ ಮನೆಯೆಲ್ಲ ಅಲುಗಾಡಿತು. ಇಷ್ಟಾದರೆ ಚಿಂತೆಯಿರಲಿಲ್ಲ. ತೆಗೆದದ್ದನ್ನು ಚಿಕ್ಕಪ್ಪನಿಗೆ ಕಳಿಸಲು ಹೋಗಿ, ಅವಳ ಬೆರಳು ಜಾರಿ, ಅದು ಅರವತ್ತಮೂರು ಜನ ನೆಂಟರಿರುವ ಕುಟುಂಬದ ಗುಂಪಿಗೆ ಹೋಯಿತು.

ಎರಡೇ ನಿಮಿಷಕ್ಕೆ ಉತ್ತರಗಳು ಸುರಿದವು.

“ಅಯ್ಯೋ, ಯಾರು ಹೋದ್ರಪ್ಪಾ?” ಎಂದರು ದೊಡ್ಡಮ್ಮ.

“ಧೈರ್ಯ ತಂದ್ಕೊ” ಎಂದರು ಸೋದರಮಾವ. ಯಾರು ಹೋದರೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಧೈರ್ಯ ಹೇಳುವುದರಲ್ಲಿ ಹಿಂದೆ ಬೀಳುವ ಕುಳವಲ್ಲ ಅದು.

ಹೆಂಡತಿಯ ಅಣ್ಣ ಮಾತ್ರ ವೈದ್ಯಕೀಯ ದೃಷ್ಟಿಯಿಂದ ನೋಡಿದ್ದ: “ಭಾವ, ಯಾವ ಕಡೆ ಹಲ್ಲು? ನಂಗೆ ಒಳ್ಳೆ ಡಾಕ್ಟ್ರು ಗೊತ್ತು.”

ಮಾರನೆಯ ಬೆಳಿಗ್ಗೆ ಏಳಕ್ಕೆ ಇಬ್ಬರು ನೆಂಟರು ಮುಖ ಜೋಲು ಹಾಕಿಕೊಂಡು ಬಾಗಿಲಿಗೇ ಬಂದರು. ಸತ್ತವರು ಯಾರೂ ಇಲ್ಲವೆಂದು ತಿಳಿದು, ಸ್ವಲ್ಪ ನಿರಾಸೆಯಿಂದ ತಿಂಡಿ ತಿಂದು ಹೋದರು. ಮೇಸ್ತ್ರಿ ಅಂದೇ ಶಪಥ ಮಾಡಿದ: “ನಂಗೆ ಬೇರೆ ಕ್ಯಾಮೆರಾನೇ ಬೇಕು. ಯಾವ ನೆಂಟರ ಪರಿಚಯವೂ ಇರಬಾರದು ಅದಕ್ಕೆ!”

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ನಿಜ. ಆದರೆ ಭಾಷಣದ ಹುಣ್ಣಿಗೆ ಕ್ಯಾಮೆರಾ ಬೇಕು. ಸಂಜೆ ಅವನು ಪೇಟೆಯ ದೊಡ್ಡ ಅಂಗಡಿಗೆ ಹೋದ. ಗಾಜಿನ ಕಪಾಟಿನಲ್ಲಿ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು. ಮೊದಲನೆಯದರ ಬೆಲೆಚೀಟಿ ನೋಡಿ, ಅದು ಸೀರಿಯಲ್ ನಂಬರು ಇರಬೇಕೆಂದುಕೊಂಡ. ಎರಡನೆಯದರದ್ದೂ ಅಷ್ಟೇ ಉದ್ದವಿತ್ತು. ಆ ಬೆಲೆಗೆ ಒಂದು ಓಡುವ ಎಂಜಿನ್ನೇ ಬರುತ್ತಿತ್ತು.

ಕೊರಳಿಗೆ ಟೈ ಬಿಗಿದುಕೊಂಡ ಮಾರಾಟದವನು ಬಂದ. “ಹೇಳಿ ಸಾರ್, ಏನು ತೆಗೆಯೋಕೆ? ಮದುವೆನಾ, ಪ್ರವಾಸನಾ?”

“ಮನುಷ್ಯ ಮಾತಾಡೋದನ್ನ” ಎಂದ ಮೇಸ್ತ್ರಿ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ಕಡಿಮೆ ಬೆಲೆದು ಇರಲಿ. ಆದ್ರೆ ಯಾರಿಗೂ ಗೊತ್ತಾಗಬಾರದು. ತೆಗೆದಿದ್ದು ಆಚೆ ಹೋಗಬಾರದು. ನಾನೊಬ್ಬನೇ ಕೂತು ನೋಡಿ, ಎಲ್ಲೆಲ್ಲಿ ತಪ್ಪಾಗಿದೆ ಅಂತ ಒಂದೊಂದೇ ಪಟ್ಟಿ ಮಾಡ್ಕೋಬೇಕು. ದೊಡ್ಡ ಸಾಹೇಬರು ಬಂದ ದಿನ ಅವರ ಮುಂದೆ ನಿಂತಾಗ ಒಂದೂ ಬಿಟ್ಟುಹೋಗಬಾರದು ನೋಡಿ.”

ಮಾರಾಟದವನ ಕಣ್ಣು ಸಣ್ಣಗಾಯಿತು. ಅವನೂ ದನಿ ತಗ್ಗಿಸಿದ. “ಅರ್ಥ ಆಯ್ತು ಸಾರ್. ಒಳಗಡೆ ಇದೆ” ಎಂದು, ಒಂದು ಪೆನ್ನು, ಒಂದು ಅಂಗಿಗುಂಡಿ, ಒಂದು ಗೋಡೆ ಗಡಿಯಾರ ತಂದು ಸಾಲಾಗಿಟ್ಟ. ಮೂರರ ಹೊಟ್ಟೆಯಲ್ಲೂ ಕಳ್ಳ ಕ್ಯಾಮೆರಾ. “ಎಂಥ ಪಾಪಿನೂ ಸಿಕ್ಕಿಬೀಳ್ತಾನೆ.”

ಪಕ್ಕದ ಕೌಂಟರಿನಲ್ಲಿ ಕೆಟ್ಟ ಇಸ್ತ್ರಿಪೆಟ್ಟಿಗೆ ವಾಪಸು ಮಾಡಲು ಜಗಳ ಕಾಯುತ್ತಿದ್ದವನೊಬ್ಬ ಇದ್ದಕ್ಕಿದ್ದಂತೆ ಸುಮ್ಮನಾದ. ಅವನು ಡಿಪೋದ ಟೈಮ್‌ಕೀಪರ್. ಬೇರೆಯವರು ಎಷ್ಟು ಹೊತ್ತಿಗೆ ಬಂದರೆಂದು ಬರೆಯುವ ಕೆಲಸ ಅವನದು; ತಾನು ಎಷ್ಟು ಹೊತ್ತಿಗೆ ಬರುತ್ತಾನೆಂದು ಬರೆಯುವವರು ಯಾರೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಅವನು ಬಾಗಿಲಿನತ್ತ ಓಡಿದ. ಇನ್ನೊಂದು ನಿಮಿಷ ನಿಂತಿದ್ದರೆ, “ಅಯ್ಯೋ, ಈ ಪೆನ್ನು ಜೇಬಲ್ಲಿಟ್ಟರೆ ಎದುರಿನವನು ಕಾಣ್ತಾನೆ ಕಣಪ್ಪ. ನಂಗೆ ನಾನು ಕಾಣಬೇಕು!” ಎಂದು ಮೇಸ್ತ್ರಿ ಹೇಳಿದ್ದೂ ಕೇಳಿಸುತ್ತಿತ್ತು, ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರಿಗೆ ಕರು ನೋಡುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಮೇಸ್ತ್ರಿ ಅಂಗಿಗುಂಡಿಯ ಕಳ್ಳ ಕ್ಯಾಮೆರಾ ಕೊಳ್ಳುತ್ತಿದ್ದಾನೆಂದು ಊದಲು ಟೈಮ್‌ಕೀಪರ್ ನೇರವಾಗಿ ಹೋದದ್ದು ಸ್ಟೋರ್ ಸಾಹೇಬರ ಮನೆಗೆ.

ಈ ಸ್ಟೋರ್ ಸಾಹೇಬರ ಬಗ್ಗೆ ಎರಡು ಮಾತು ಹೇಳಲೇಬೇಕು. ಡಿಪೋದ ಬೋಲ್ಟು, ನಟ್ಟು, ಟೈರು, ಎಣ್ಣೆ ಎಲ್ಲ ಇವರ ಬೀಗದೊಳಗೆ. ಒಂದು ವಾಷರ್ ಬೇಕೆಂದರೆ ಮೂರು ಅರ್ಜಿ ಬರೆಸುತ್ತಾರೆ. ಅರ್ಜಿಗೆ ಕಾಗದ ಬೇಕೆಂದರೆ ಅದಕ್ಕೂ ಒಂದು ಅರ್ಜಿ. ಎಂಥ ಕಟ್ಟುನಿಟ್ಟು ಎಂದು ಮೇಲಿನವರು ಹೊಗಳುತ್ತಾರೆ. ಆ ಬಣ್ಣದ ಶೆಡ್ಡಿನ ಫ್ಯಾನು ಇದೆಯಲ್ಲ, ಅದು ನಾಲ್ಕು ವರ್ಷದ ಹಿಂದೆಯೇ ಮಂಜೂರಾಗಿತ್ತು. ಬಂದೂ ಇತ್ತು. “ಅಳವಡಿಸಲಾಗಿದೆ” ಎಂದು ಕಾಗದದ ಮೇಲೆ ಸಹಿಯೂ ಬಿದ್ದಿತ್ತು. ಕಾಗದದ ಮೇಲೆ ಅದು ನಾಲ್ಕು ವರ್ಷದಿಂದ ತಿರುಗುತ್ತಲೇ ಇತ್ತು. ಕಾಗದದಾಚೆ ತಿರುಗುತ್ತಿದ್ದದ್ದು ಮಾತ್ರ ಸ್ಟೋರ್ ಸಾಹೇಬರ ಭಾಮೈದನ ಹಿಟ್ಟಿನ ಗಿರಣಿಯಲ್ಲಿ. ಗಿರಣಿಯ ಗೋಧಿಗೆ ಒಳ್ಳೆಯ ಗಾಳಿ, ಮೇಸ್ತ್ರಿಯ ತಮ್ಮನಿಗೆ ಮೂರು ಬಣ್ಣದ ಮಾತ್ರೆ.

ಮರುದಿನ ಮೇಸ್ತ್ರಿ ಸ್ಟೋರಿಗೆ ಬಂದ. ಕ್ಯಾಮೆರಾದ ಚಿಂತೆಯಲ್ಲಿ ನಿದ್ದೆ ಬಾರದೆ ಅವನ ಕಣ್ಣು ಕೆಂಪಾಗಿತ್ತು. ಸ್ಟೋರ್ ಸಾಹೇಬರಿಗೆ ಆ ಕೆಂಪು ಬೇರೆ ಥರ ಕಂಡಿತು.

“ಸಾರ್, ಆ ಗುಜರಿ ಕೋಣೇಲಿ ಮುರಿದ ಬಸ್ಸಿಂದು ಒಂದು ಕ್ಯಾಮೆರಾ ಬಿದ್ದಿದೆಯಲ್ಲ, ಅದು ನಂಗೆ ಬೇಕಿತ್ತು.”

ಬಸ್ಸು ಹಿಂದಕ್ಕೆ ಬರುವಾಗ ಡ್ರೈವರಿಗೆ ಹಿಂದೇನಿದೆ ಎಂದು ತೋರಿಸಲು ಬೆನ್ನಿಗೆ ಕೂರಿಸುತ್ತಾರಲ್ಲ, ಆ ರಿವರ್ಸ್ ಕ್ಯಾಮೆರಾ. ಅದರ ಜೊತೆಗೆ ಅಂಗೈಯಗಲದ ಪರದೆ, ಗುದ್ದಾಟವಾದರೆ ಸಾಕ್ಷಿಗಿರಲೆಂದು ಚಿತ್ರ ಹಿಡಿದಿಡುವ ಒಂದು ಪುಟ್ಟ ಪೆಟ್ಟಿಗೆ.

“ಕ್ಯಾ... ಕ್ಯಾಮೆರಾನಾ? ಯಾತಕ್ಕಯ್ಯಾ?”

“ಸಾಹೇಬರು ಬರೋ ದಿನ ಬಂತಲ್ಲ ಸಾರ್. ಐದೇ ನಿಮಿಷ. ಅಷ್ಟರಲ್ಲಿ ಎಲ್ಲಾ ಹೇಳಿಬಿಡಬೇಕು” ಎಂದ ಮೇಸ್ತ್ರಿ, ಪಾಪ, ಪ್ರಾಮಾಣಿಕವಾಗಿ. “ಮುಖ್ಯವಾಗಿ ಆ ಫ್ಯಾನಿನ ವಿಷಯ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸ್ಟೋರ್ ಸಾಹೇಬರು ಹೆಗಲು, ಎದೆ, ಹಣೆ ಮೂರನ್ನೂ ಮುಟ್ಟಿ ನೋಡಿಕೊಂಡು, ಹಣೆಯ ಬೆವರು ಒರೆಸಿದರು. ಆಮೇಲೆ ಎದ್ದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮೇಸ್ತ್ರಿಗೆ ಅವರು ಎದ್ದು ನಿಂತದ್ದು ಅದೇ ಮೊದಲು.

“ಕೂತ್ಕೊಳ್ಳಿ ಮೇಸ್ತ್ರಿಗಳೇ.”

ಮೇಸ್ತ್ರಿ ಹಿಂದೆ ತಿರುಗಿ ನೋಡಿದ. ಬೇರೆ ಯಾವ ಮೇಸ್ತ್ರಿಗಳೂ ಇರಲಿಲ್ಲ.

ಅರ್ಜಿ ಇಲ್ಲದೆ, ಸಹಿ ಇಲ್ಲದೆ ಕ್ಯಾಮೆರಾ ಹೊರಗೆ ಬಂತು. “ತಗೊಂಡು ಹೋಗಿ, ದುಡ್ಡೇನೂ ಬೇಡ” ಎಂದರು ಸಾಹೇಬರು. ಮೇಸ್ತ್ರಿ ಒಪ್ಪಲಿಲ್ಲ, ಗುಜರಿಯ ತಕ್ಕಡಿಯಲ್ಲಿ ತಾನೇ ತೂಗಿ, ಹಳೆ ಕಬ್ಬಿಣದ ದರದಲ್ಲಿ ಲೆಕ್ಕ ಹಾಕಿಸಿ ರಶೀದಿ ಬರೆಸಿಕೊಂಡ. ಅಷ್ಟು ಅಗ್ಗದ ವಿಡಿಯೋ ಕ್ಯಾಮೆರಾ ಜಗತ್ತಿನಲ್ಲಿ ಇನ್ನೆಲ್ಲಿ ಸಿಕ್ಕೀತು? ಸ್ಟೋರ್ ಸಾಹೇಬರು ಆ ರಶೀದಿಯನ್ನು ಎರಡೆರಡು ಸಲ ನೋಡಿದರು. ‘ದಾಖಲೆ ಇಟ್ಟುಕೊಂಡೇ ಮಾಡ್ತಿದಾನೆ ಕಳ್ಳ’ ಎಂದುಕೊಂಡರು. ಕಳ್ಳ ಎಂದದ್ದು ಯಾರು, ಯಾರಿಗೆ ಎನ್ನುವುದನ್ನು ಓದುವವರೇ ಗಮನಿಸಲಿ.

ರಿವರ್ಸ್ ಕ್ಯಾಮೆರಾಕ್ಕೆ ಅದರದೇ ಆದ ಕೆಲವು ಗುಣಗಳಿವೆ. ಅದಕ್ಕೆ ಬಸ್ಸಿನ ಬ್ಯಾಟರಿಯೇ ಆಗಬೇಕು. ಮೇಸ್ತ್ರಿ ಹಳೆಯ ಬ್ಯಾಟರಿಯೊಂದನ್ನು ಹೊತ್ತು ತಂದು ಊಟದ ಮೇಜಿನ ಕೆಳಗಿಟ್ಟ. “ಇನ್ನು ಟೈರು ನಾಲ್ಕು ತಂದ್ಬಿಡಿ, ಮನೇನೇ ಓಡಿಸ್ಕೊಂಡು ಹೋಗೋಣ” ಎಂದಳು ಹೆಂಡತಿ. ಎರಡನೆಯದಾಗಿ, ಅದಕ್ಕೆ ಎಡ ಬಲವಾಗಿ ಕಾಣುತ್ತದೆ. ತನ್ನ ಜೇಬು ಎದೆಯ ಆ ಕಡೆಗೆ ಹಾರಿದ್ದು ನೋಡಿ ಮೇಸ್ತ್ರಿ ಎರಡು ಸಲ ಅಂಗಿ ಬಿಚ್ಚಿ ಹಾಕಿಕೊಂಡ. ಮೂರನೆಯದು, ಅದಕ್ಕೆ ಕಿವಿ ಇಲ್ಲ. ಚಿತ್ರ ಹಿಡಿಯುತ್ತದೆ, ಮಾತು ಹಿಡಿಯುವುದಿಲ್ಲ. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು: ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಎಂದು ಮೂರು ಗೆರೆ ಮೂಡುತ್ತವೆ. ಕೆಂಪು ಗೆರೆಯೊಳಗೆ ಏನಾದರೂ ಬಂದರೆ, ಗೋಡೆಗೆ ಗುದ್ದುತ್ತೀಯ ಎಂದು “ಕೀಂ ಕೀಂ ಕೀಂ” ಅರಚಿಕೊಳ್ಳುತ್ತದೆ.

ಸಂಜೆ ಮೇಸ್ತ್ರಿ ಕ್ಯಾಮೆರಾವನ್ನು ಕುರ್ಚಿಯ ಬೆನ್ನಿಗೆ ಬಿಗಿದು, ಹಸಿರು ಗೆರೆಯ ಮೇಲೆ ನಿಂತು ಶುರುಮಾಡಿದ. “ಮಾನ್ಯ ಸಾಹೇಬರೇ—”

ಕೀಂ ಕೀಂ ಕೀಂ!

ಹಿಂದೆ ಸರಿದು ನಿಂತ. “ಮಾನ್ಯ ಸಾಹೇಬರೇ, ನಮ್ಮ ಬಣ್ಣದ ಶೆಡ್ಡಿಗೆ—” ಕೀಂ ಕೀಂ ಕೀಂ!

“ಇದಕ್ಕೇನು ಬಂತು? ನಾನು ನಿಂತಲ್ಲೇ ಇದೀನಲ್ಲ!”

ಹಿಡಿದಿಟ್ಟ ಚಿತ್ರ ಹಾಕಿ ಗಂಡ ಹೆಂಡತಿ ಪರದೆಗೆ ಮುಖ ಕೊಟ್ಟು ನೋಡಿದರು. ಮಾತಿಲ್ಲದ ಚಿತ್ರದಲ್ಲಿ ಮೇಸ್ತ್ರಿ ಬಾಯಿ ತೆರೆಯುತ್ತಿದ್ದ. ‘ಸಾಹೇಬರೇ’ ಎನ್ನುವಲ್ಲೆಲ್ಲ ಅವನ ಎರಡು ಕೈ ತಾವಾಗಿ ಜೋಡಿಸಿಕೊಳ್ಳುತ್ತಿದ್ದವು, ಬೆನ್ನು ಬಾಗುತ್ತಿತ್ತು, ತಲೆ ಮುಂದಕ್ಕೆ ಬಂದು ಸೀದಾ ಕೆಂಪು ಗೆರೆಯೊಳಗೆ ಹೋಗುತ್ತಿತ್ತು.

ಹೆಂಡತಿ ಅದನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ಆಮೇಲೆ, “ರೀ, ನೀವು ಫ್ಯಾನು ಕೇಳ್ತಿದೀರೋ, ತಪ್ಪಾಯ್ತು ಬಿಟ್ಬಿಡಿ ಅಂತಿದೀರೋ?” ಎಂದಳು. “ಕೆಮ್ಮೋದು ಮೈದುನ. ನೀವ್ಯಾಕೆ ಕಳ್ಳನ ಥರ ಬಾಗ್ತೀರಾ?”

ಮೇಸ್ತ್ರಿ ಎದ್ದು ಹೋಗಿ ಮತ್ತೆ ಹಸಿರು ಗೆರೆಯ ಮೇಲೆ ನಿಂತ. ಬಾಗಿದ; ಕೀಂ ಎಂದಿತು. ನೆಟ್ಟಗಾದ; ಸುಮ್ಮನಾಯಿತು. ಮತ್ತೆ ಬಾಗಿದ, ಮತ್ತೆ ಬೈಸಿಕೊಂಡ. ಮನುಷ್ಯನ ಬೆನ್ನು ನೆಟ್ಟಗೆ ಮಾಡಲು ಇಷ್ಟು ವರ್ಷದಲ್ಲಿ ಯಾವ ಸಂಘ, ಯಾವ ನಾಯಕ ಬಂದರೂ ಆಗದ್ದನ್ನು ಗುಜರಿಯ ಕ್ಯಾಮೆರಾವೊಂದು ಒಂದು ವಾರ ಬೈದು ಬೈದು ಮಾಡಿಸಿತು.

ತೊಂದರೆಯಾದದ್ದು ಮಹಡಿಯ ಮೇಷ್ಟ್ರಿಗೆ. ನಿವೃತ್ತರು, ಒಂದು ಸ್ಕೂಟರು ಬಿಟ್ಟರೆ ಬೇರೆ ವ್ಯಾಮೋಹವಿಲ್ಲದವರು. ದಿನಾ ಸಂಜೆ ಆರೂವರೆಗೆ ಕೆಳಗೆ ಬಸ್ಸೊಂದು ಹಿಂದಕ್ಕೆ ಬರುವ ಸದ್ದು. ದಿನಾ ಅವರು ಚಪ್ಪಲಿಯೂ ಹಾಕದೆ ಓಡಿಬಂದು ಸ್ಕೂಟರನ್ನು ಎಳೆದು ಗೇಟಿನಾಚೆ ನಿಲ್ಲಿಸಿ, ಬರುವ ಬಸ್ಸಿಗಾಗಿ ಬೀದಿಯುದ್ದಕ್ಕೂ ನೋಡುತ್ತ ನಿಲ್ಲುವರು. ಬಸ್ಸು ಬರುತ್ತಿರಲಿಲ್ಲ. ಆರನೆಯ ದಿನ ಬಾಗಿಲು ಬಡಿದರು.

“ಏನಪ್ಪಾ ಮೇಸ್ತ್ರಿ, ಮನೆಯೊಳಗೆ ಏನು ರಿವರ್ಸ್ ತಗೋತಿದೀಯ?”

“ಬೆನ್ನು, ಮೇಷ್ಟ್ರೇ” ಎಂದ ಮೇಸ್ತ್ರಿ.

ಮೇಷ್ಟ್ರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೂ ಕೇಳದೆ ಮೇಲೆ ಹೋದರು. ಅಂದಿನಿಂದ ಸ್ಕೂಟರು ಪಕ್ಕದ ಬೀದಿಯಲ್ಲೇ ನಿಂತಿತು.

ಅತ್ತ ಡಿಪೋದಲ್ಲಿ ಪವಾಡಗಳು ನಡೆಯತೊಡಗಿದವು. ಟೈಮ್‌ಕೀಪರ್ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಬಾಗಿಲಲ್ಲಿ ಕೂರುತ್ತಿದ್ದ. ಕ್ಯಾಂಟೀನಿನ ಚಹಾಕ್ಕೆ ಇದ್ದಕ್ಕಿದ್ದಂತೆ ಹಾಲಿನ ನೆನಪಾಯಿತು. ವಾಷರ್ ಕೇಳಿದವನಿಗೆ ಸ್ಟೋರಿನವರು “ಒಂದು ಸಾಕಾ? ಎರಡು ಇಟ್ಕೊಳ್ಳಿ” ಎಂದರು. ಯಾರನ್ನು ಮಾತಾಡಿಸಿದರೂ ಮೇಸ್ತ್ರಿಯ ಅಂಗಿಯ ಗುಂಡಿಯನ್ನೇ ನೋಡಿ ನಗುತ್ತ ಉತ್ತರ ಕೊಡುತ್ತಿದ್ದರು. ಗುಂಡಿ ಕಿತ್ತುಹೋಗಿದೆಯೇನೋ ಎಂದು ಮೇಸ್ತ್ರಿ ನಾಲ್ಕು ಸಲ ತಡವಿಕೊಂಡ. ತಡವಿಕೊಂಡಾಗಲೆಲ್ಲ ಎದುರಿಗಿದ್ದವರು ಇನ್ನೂ ಅಗಲವಾಗಿ ನಕ್ಕರು.

“ಭಾಷಣ ಮಾಡೋನು ಅಂದ್ರೆ ಎಷ್ಟು ಮರ್ಯಾದೆ ಕೊಡ್ತಾರೆ ನೋಡು” ಎಂದು ಅವನು ತಮ್ಮನಿಗೆ ಹೇಳಿದ. “ಇದು ಮುಂಚೆನೇ ಗೊತ್ತಿದ್ದಿದ್ರೆ ಹತ್ತು ವರ್ಷದ ಹಿಂದೆನೇ ಬಾಯಿ ತೆಗೀತಿದ್ದೆ.”

ತಮ್ಮ ನಗಲು ಹೋಗಿ ಕೆಮ್ಮಿದ.

ದೊಡ್ಡ ಸಾಹೇಬರು ಬರುವ ದಿನದ ಹಿಂದಿನ ದಿನ ವಾರದ ರಜೆ. ಡಿಪೋ ಖಾಲಿ. ಆ ಬಿಸಿಲಿನಲ್ಲಿ ಸ್ಟೋರ್ ಸಾಹೇಬರು ಭಾಮೈದನನ್ನು ಕರೆದುಕೊಂಡು, ಗಿರಣಿಯ ಗೋಡೆಯಿಂದ ಕಿತ್ತ ಫ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ, ಕೈಗಾಡಿಯಲ್ಲಿ ತಂದರು. ಡಿಪೋದ ಎಲೆಕ್ಟ್ರಿಷಿಯನ್ನನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಗೋಧಿ ಬೀಸುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಭಾಮೈದನೇ ಗೋಡೆ ಒಡೆದು, ಫ್ಯಾನು ಕೂರಿಸಿ, ವೈರು ಕೊಟ್ಟ. ಮೇಲೊಂದು ಬಣ್ಣದ ರಿಬ್ಬನ್ನು ಕಟ್ಟಿ, “ಮಾನ್ಯರು ಒತ್ತುವ ತನಕ ಸ್ವಿಚ್ಚು ಮುಟ್ಟಬಾರದು” ಎಂದು ಬೋರ್ಡು ಹಾಕಿದರು.

ಬೆಳಿಗ್ಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹನ್ನೊಂದು ವಾಕ್ಯವನ್ನೂ ಗಂಟಲಲ್ಲಿ ತುಂಬಿಕೊಂಡು ಡಿಪೋಗೆ ಬಂದ. ಜನ ಅವನನ್ನು ಎತ್ತಿಕೊಳ್ಳುವುದೊಂದು ಬಾಕಿ. “ಮೇಸ್ತ್ರಿ, ಬಾಯಿ ಬಿಡೋಕೆ ಮುಂಚೆನೇ ಫ್ಯಾನು ತರಿಸಿದ್ರಲ್ರೀ! ಬಾಯಿ ಅಂದ್ರೆ ನಿಮ್ದು!”

ಮೇಸ್ತ್ರಿ ಶೆಡ್ಡಿಗೆ ಓಡಿದ. ಗೋಡೆಯಲ್ಲಿ ಫ್ಯಾನು. ಅವನ ಮೊದಲ ವಾಕ್ಯ ‘ನಮ್ಮ ಬಣ್ಣದ ಶೆಡ್ಡಿಗೆ ಫ್ಯಾನು ಇಲ್ಲ’ ಎಂದಿತ್ತು. ಉಳಿದ ಹತ್ತೂ ಅದರ ಬಾಲ ಹಿಡಿದುಕೊಂಡು ಬರುವಂಥವು. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

“ಥೂ ಇವರ! ನಾಲ್ಕು ವರ್ಷ ಕಾಯಿಸಿದೋರು ಇನ್ನೊಂದು ಗಂಟೆ ತಡೀಬಾರದಿತ್ತಾ?” ಎಂದ. “ಈಗ ನಾನು ಏನು ಕೇಳಲಿ?”

“ಮಾಡು ಸೋರೋದು ಕೇಳಿ” ಎಂದ ಒಬ್ಬ.

ಅಷ್ಟರಲ್ಲಿ ದೊಡ್ಡ ಸಾಹೇಬರ ಕಾರು ಬಂತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಕರವಸ್ತ್ರ. ಹಿಂದೆ ಆರು ಜನ. ಸ್ಟೋರ್ ಸಾಹೇಬರು ಬಾಗಿ, ಬಳುಕಿ, “ಮೊದಲು ಬಣ್ಣದ ಶೆಡ್ಡಿಗೆ ಬರಬೇಕು ಸಾರ್. ನಾಲ್ಕು ವರ್ಷದಿಂದ ಕೆಲಸಗಾರರ ಆರೋಗ್ಯ ಕಾಪಾಡಿದ ಫ್ಯಾನು ಸಾರ್” ಎಂದರು. ಹಾಗೆನ್ನುತ್ತ ಮೇಸ್ತ್ರಿಯ ಅಂಗಿಗುಂಡಿಯ ಕಡೆ ತಿರುಗಿ, “ನೋಡ್ಕೊಳ್ಳಿ ಮೇಸ್ತ್ರಿಗಳೇ, ಇದೆ ತಾನೇ?” ಎಂದು ಜೋರಾಗಿ, ಬಿಡಿಬಿಡಿಸಿ ಹೇಳಿದರು.

“ನಾಲ್ಕು ವರ್ಷದಿಂದ ಇದ್ರೆ ಈಗ ರಿಬ್ಬನ್ನು ಯಾಕೆ?” ಎಂದು ದೊಡ್ಡ ಸಾಹೇಬರು ಕೇಳಿದರು. ಸ್ಟೋರ್ ಸಾಹೇಬರು ಅದಕ್ಕೊಂದು ಉತ್ತರ ಹುಡುಕುವಷ್ಟರಲ್ಲಿ ಫೋಟೋದವನು “ಸಾರ್, ಈ ಕಡೆ” ಎಂದ. ದೊಡ್ಡ ಸಾಹೇಬರು ಫ್ಯಾನಿನ ಎದುರಿಗೇ ನಿಂತು, ನಗುಮುಖ ಮಾಡಿ, ಸ್ವಿಚ್ಚು ಒತ್ತಿದರು.

ಹೊರಗೆ ಎಳೆಯಬೇಕಾದ ಫ್ಯಾನು ಒಳಗೆ ಊದಿತು.

ಮೊದಲು ಬಂದದ್ದು ಬಿಳಿ. ನಾಲ್ಕು ವರ್ಷ ಅದರ ಹೊಟ್ಟೆಯಲ್ಲಿ, ಎಲೆಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಗೋಧಿ ಹಿಟ್ಟು ಒಂದೇ ಉಸಿರಿಗೆ ಎದ್ದು ಬಂದು ದೊಡ್ಡ ಸಾಹೇಬರನ್ನು ತಬ್ಬಿಕೊಂಡಿತು. ಆಮೇಲೆ ಆ ಗಾಳಿಗೆ ಶೆಡ್ಡಿನ ಮೂಲೆಮೂಲೆಯ ಒಣಬಣ್ಣದ ಪುಡಿ ಎದ್ದಿತು: ಕೆಂಪು, ಹಳದಿ, ಬಸ್ಸಿನ ನೀಲಿ. ಫೋಟೋದವನು ಮಾತ್ರ ಕರ್ತವ್ಯನಿಷ್ಠ, ಒತ್ತುತ್ತಲೇ ಇದ್ದ. ಯಾರೋ ತಡಕಾಡಿ ಸ್ವಿಚ್ಚು ಆರಿಸಿದಾಗ, ಶೆಡ್ಡಿನ ನಡುವೆ ಬಣ್ಣಬಣ್ಣದ ಒಂದು ಆಕೃತಿ ನಿಂತಿತ್ತು. ಅದು ಬಾಯಿ ತೆರೆಯಿತು, ಕೆಮ್ಮಿತು. ಮತ್ತೆ ತೆರೆಯಿತು, ಮತ್ತೆ ಕೆಮ್ಮಿತು. ಕಣ್ಣಲ್ಲಿ ನೀರು ಹರಿದು ಕೆನ್ನೆಯ ಮೇಲೆ ಎರಡು ಗೆರೆ ಬಿದ್ದವು.

“ಇದು... ಖೊ... ಏನಿದು?” ಎಂದರು ದೊಡ್ಡ ಸಾಹೇಬರು. ತುಟಿ ನೆಕ್ಕಿ ನೋಡಿದರು. “ಹಿಟ್ಟು! ಬಣ್ಣದ ಶೆಡ್ಡಿಗೆ... ಖೊ ಖೊ... ಗೋಧಿ ಹಿಟ್ಟು ಎಲ್ಲಿಂದ ಬಂತು?”

ಎಲ್ಲರೂ ಸ್ಟೋರ್ ಸಾಹೇಬರನ್ನು ನೋಡಿದರು. ಸ್ಟೋರ್ ಸಾಹೇಬರು ಮೇಸ್ತ್ರಿಯ ಗುಂಡಿಯನ್ನು ನೋಡಿದರು. “ಎಲ್ಲಾ ಅದರಲ್ಲಿ ಬಂದುಬಿಟ್ಟಿದೆ ಸಾರ್, ನಾನೇ ಹೇಳಿಬಿಡ್ತೀನಿ! ಭಾಮೈದ ಕೇಳಿದ, ನಾಲ್ಕು ದಿನಕ್ಕೆ ಅಂತ ಕೊಟ್ಟೆ, ಗಿರಣಿ ಚೆನ್ನಾಗಿ ಓಡ್ತು...” ಯಾರೂ ಕೇಳದ ಟೈರಿನ ವಿಷಯವನ್ನೂ, ಎಣ್ಣೆಯ ವಿಷಯವನ್ನೂ ಅವರು ತಾವಾಗಿಯೇ ಹೇಳಿದರು. ಟೈಮ್‌ಕೀಪರ್ ತಾನೂ ಒಂದೆರಡು ಮಾತು ಒಪ್ಪಿಸಿಬಿಡೋಣವೆಂದು ಕೈ ಎತ್ತಿ, ಯಾರೂ ನೋಡಲಿಲ್ಲವೆಂದು ಮೆಲ್ಲಗೆ ಇಳಿಸಿದ.

ಮೇಸ್ತ್ರಿಗೆ ಒಂದೂ ಅರ್ಥವಾಗಲಿಲ್ಲ. ಒಂದು ಮಾತ್ರ ಅರ್ಥವಾಯಿತು: ನಾಲ್ಕು ವರ್ಷ. ಫ್ಯಾನು ಇತ್ತು.

“ಕೆಲಸಗಾರರ ಕಡೆಯಿಂದ... ಖೊ... ಯಾರು ಮಾತಾಡೋದು?” ಎಂದರು ದೊಡ್ಡ ಸಾಹೇಬರು.

ಮೇಸ್ತ್ರಿ ಮುಂದೆ ಬಂದ. ಹನ್ನೊಂದು ವಾಕ್ಯದಲ್ಲಿ ಒಂದೂ ನೆನಪಿರಲಿಲ್ಲ. ಕೈಗಳು ಜೋಡಿಸಿಕೊಳ್ಳಲು ಹೊರಟವು, ತಡೆದ. ಬೆನ್ನು ಬಾಗಲು ಹೊರಟಿತು. ಎಲ್ಲೋ ಕಿವಿಯೊಳಗೆ ಕೀಂ ಎಂದಿತು. ನೆಟ್ಟಗೆ ನಿಂತ.

“ಮೂರು ವೈರಿದೆ ಸಾರ್. ಅದರಲ್ಲಿ ಎರಡು ಅದಲು ಬದಲು ಮಾಡಿದ್ರೆ ಫ್ಯಾನು ಸರಿಯಾಗತ್ತೆ. ಐದು ನಿಮಿಷದ ಕೆಲಸ, ನಾನೇ ಮಾಡ್ತೀನಿ” ಎಂದ. ತಮ್ಮನ ಕಡೆ ಕೈ ತೋರಿದ. “ನೀವು ಒಂದು ಸಲ ಉಸಿರು ಎಳ್ಕೊಂಡ್ರಿ ಸಾರ್. ಅಲ್ಲಿ ನಿಂತಿದಾನಲ್ಲ, ನನ್ನ ತಮ್ಮ. ಅವನು ನಾಲ್ಕು ವರ್ಷದಿಂದ ಎಳ್ಕೋತಿದಾನೆ. ಅಷ್ಟೇ ಸಾರ್ ನನ್ನ ಭಾಷಣ.”

ಚಪ್ಪಾಳೆ ಹೊಡೆಯಬಹುದೋ ಬಾರದೋ ಎಂದು ಉಳಿದ ಮೂವತ್ತೊಂಬತ್ತು ಜನರಿಗೂ ಗೊತ್ತಾಗಲಿಲ್ಲ. ದೊಡ್ಡ ಸಾಹೇಬರು ಉತ್ತರ ಕೊಡಲು ಬಾಯಿ ತೆರೆದರು. ಕೆಮ್ಮು ಬಂತು. ತುಂಬ ಹೊತ್ತು ಬಂತು. ಅಷ್ಟು ಸ್ಪಷ್ಟವಾದ ಉತ್ತರವನ್ನು ಆ ಡಿಪೋದಲ್ಲಿ ಯಾವ ಅಧಿಕಾರಿಯೂ ಕೊಟ್ಟಿರಲಿಲ್ಲ.

ಸ್ಟೋರಿನ ಬೀಗದ ಕೈ ಅಂದೇ ಬೇರೆ ಕೈಗೆ ಹೋಯಿತು. ಮೇಸ್ತ್ರಿ ಏಣಿ ಹತ್ತಿ ವೈರು ಬದಲಾಯಿಸಿದ. ಸ್ವಿಚ್ಚು ಒತ್ತಿದರೆ ಶೆಡ್ಡಿನ ಗಾಳಿಯೆಲ್ಲ ಎದ್ದು ಹೊರಕ್ಕೆ ಹೊರಟಿತು.

ಎಂಟು ದಿನ ಕಳೆದ ಮೇಲೆ ತಮ್ಮ ವರ್ಕ್‌ಶಾಪಿಗೆ ಬಂದ. ಮೇಸ್ತ್ರಿ ಗೇರ್‌ಬಾಕ್ಸಿನ ಕೆಳಗೆ ಮಲಗಿದ್ದ. ತಮ್ಮನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

“ಅಣ್ಣಾ, ನೀನು ಫ್ಯಾನು ಕೇಳಿದ್ದು ಸರಿ, ಆದ್ರೆ ಅದರ ವೇಗ ನೋಡಿದೀಯ ನೀನು, ಬಣ್ಣ ಗನ್ನಿಂದ ಬಸ್ಸಿಗೆ ಹೋಗೋಕೆ ಮುಂಚೆನೇ ಆಚೆ ಹೋಗಿಬಿಡತ್ತೆ, ಇವತ್ತು ಗೋಡೆ ಆಚೆ ನಿಲ್ಲಿಸಿದ್ದ ಮ್ಯಾನೇಜರ್ ಕಾರು ಅರ್ಧ ನೀಲಿ ಆಗಿದೆ, ಅವರು ನನ್ನನ್ನ ಬೈದ್ರು, ನಾನು ನಮ್ಮಣ್ಣನ್ನ ಕೇಳಿ ಅಂದೆ, ಇಂಥ ಗಾಳೀಲಿ ಯಾವನಾದ್ರೂ ಬಣ್ಣ ಹೊಡೀತಾನಾ ಹೇಳು, ಸ್ವಲ್ಪ ಕಡಿಮೆ ಮಾಡಿಸೋಕೆ ಆಗಲ್ವಾ ನಿನಗೆ, ಅಷ್ಟುದ್ದ ಭಾಷಣ ಮಾಡ್ತೀಯ, ಇದೊಂದು ಗೊತ್ತಾಗಲ್ವಾ?”

ಮೇಸ್ತ್ರಿ ಗೇರ್‌ಬಾಕ್ಸಿನ ಕೆಳಗಿನಿಂದ ಮೆಲ್ಲಗೆ ತಲೆ ಹೊರಗೆ ಹಾಕಿದ. ತಮ್ಮನ ಬಾಯಿಯನ್ನೇ ನೋಡುತ್ತ, ಕೆಮ್ಮಿಗಾಗಿ ಕಾಯುತ್ತ ಹಾಗೇ ಮಲಗಿದ್ದ.

“ಏನು ಹಾಗೆ ನೋಡ್ತಿದೀಯ? ಕೇಳಿಸ್ತಾ?”

“ಇಲ್ಲ ಕಣೋ” ಎಂದ ಮೇಸ್ತ್ರಿ. “ಇನ್ನೊಂದ್ಸಲ ಹೇಳು. ಮೊದಲಿಂದ, ಪೂರ್ತಿ.”